ಯಾರಿಗಾದರೂ ಚಳಿ ಬಂತಾ ಸಿಸ್ಟರ್?

ರಾಮನಗರದ ಆ ರಕ್ತ ಕೇಂದ್ರದಿಂದ ಫೋನ್ ಬಂದರೆ ಸುತ್ತಮುತ್ತಲ ಆಸ್ಪತ್ರೆಗಳ ನರ್ಸ್‌ಗಳು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ‘ಚಳಿ ಮೇಡಂ ಫೋನು, ನೀನೇ ಎತ್ತೆ’ ಎಂದು ಒಬ್ಬರು ಇನ್ನೊಬ್ಬರ ಕಡೆ ತಳ್ಳುತ್ತಿದ್ದರು. ಯಾರೋ ಒಬ್ಬರು ಎತ್ತಿದರೆ ಆ ಕಡೆಯಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: “ನಮ್ಮಿಂದ ಹೋದ ರಕ್ತ ಹಾಕಿದ್ರಲ್ಲ, ಯಾರಿಗಾದ್ರೂ ಚಳಿ ಬಂತಾ ಸಿಸ್ಟರ್? ಜ್ವರ, ತುರಿಕೆ, ಉಸಿರು ಕಟ್ಟೋದು, ಏನಾದ್ರೂ?” ಈ ಕಡೆಯ ಉತ್ತರವೂ ಒಂದೇ. “ನಮ್ಮಲ್ಲಿ ಏನೂ ಇಲ್ಲ ಮೇಡಂ.”

ಚಳಿ ಮೇಡಂ ಎಂದರೆ ಲತಾಮಣಿ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ಬೇಸಾಯಗಾರರ ಮನೆಯ ಮಗಳು. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಹಿತ್ತಲಿಗೆ ಓಡಿಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ ಹುಡುಗಿ, ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿ ರಕ್ತದ ಕೆಲಸಕ್ಕೇ ಸೇರಿದಾಗ ನೆಂಟರೆಲ್ಲ ನಕ್ಕಿದ್ದರು. ಗಂಡ ದೇವರಾಜು ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ. ಅವಳು ದಿನಾ ಬೆಳಿಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿ ರಾಮನಗರದಲ್ಲಿ ಇಳಿಯುತ್ತಿದ್ದಳು. ಒಂದು ಟ್ರಸ್ಟ್ ನಡೆಸುತ್ತಿದ್ದ ಆ ರಕ್ತ ಕೇಂದ್ರದಲ್ಲಿ ದಾನಿಗಳಿಂದ ರಕ್ತ ತೆಗೆಯುವುದು, ಗುಂಪು ಹೊಂದಿಸುವುದು, ಆಸ್ಪತ್ರೆಗಳಿಗೆ ಕಳಿಸುವುದು, ಎಲ್ಲದರಲ್ಲೂ ಅವಳ ಕೈಯಿತ್ತು.

ಈ ಚಳಿಯ ಪ್ರಶ್ನೆ ಅವಳಿಗೆ ಅಂಟಿಕೊಂಡಿದ್ದು ರೈಲಿನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ, ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳ ಹತ್ತಿರ ಕಷ್ಟ ಹೇಳಿಕೊಳ್ಳುತ್ತಿದ್ದಳು. “ನಮ್ಮತ್ತೆಗೆ ರಕ್ತ ಹಾಕ್ತಿದ್ದಂಗೇ ಮೈಯೆಲ್ಲ ಗಡಗಡ ನಡುಗೋಯ್ತು ಕಣಕ್ಕ. ಅರ್ಧಕ್ಕೇ ನಿಲ್ಲುಸ್ಬುಟ್ರು. ಯಾಕಂತ ಕೇಳುದ್ರೆ ಯಾರೂ ಬಾಯ್ ಬುಡಲಿಲ್ಲ.” ಲತಾಮಣಿ ಯಾವ ಆಸ್ಪತ್ರೆ ಎಂದು ವಿಚಾರಿಸಿದಳು. ರಕ್ತ ಹೋಗಿದ್ದು ಅವಳ ಕೇಂದ್ರದಿಂದಲೇ. ಮಾರನೆಯ ದಿನ ಆ ಆಸ್ಪತ್ರೆಗೆ ಫೋನ್ ಮಾಡಿದರೆ, ಅಂಥದ್ದೇನೂ ನಡೆದೇ ಇಲ್ಲ ಎಂದರು. ನಡುಗಿದ ಮುದುಕಿ ಬದುಕಿದ್ದಳು ನಿಜ. ಆದರೆ ಯಾಕೆ ನಡುಗಿದಳು? ಚೀಲದಲ್ಲಿ ದೋಷವಿತ್ತೆ, ಗುಂಪು ಹೊಂದಿಸುವುದರಲ್ಲಿತ್ತೆ, ಇಲ್ಲ ಏರಿಸಿದ ಕ್ರಮದಲ್ಲಿತ್ತೆ? ಚೀಲ ಆಗಲೇ ಕಸಕ್ಕೆ ಹೋಗಿತ್ತು. ಇನ್ನು ಯಾವತ್ತೂ ಗೊತ್ತಾಗುವಂತಿರಲಿಲ್ಲ.

ಆಮೇಲೆ ಕೇಂದ್ರಕ್ಕೆ ಡಾಕ್ಟರ್ ಯೋಗಾನಂದ ಮುಖ್ಯಸ್ಥರಾಗಿ ಬಂದರು. ರಕ್ತ ಏರಿಸುವಾಗ ಆಗುವ ತೊಂದರೆಗಳನ್ನು ಆಸ್ಪತ್ರೆಗಳು ತಿಳಿಸಬೇಕೆಂದು ದೇಶದ ಮಟ್ಟದಲ್ಲಿ ಒಂದು ಏರ್ಪಾಡು ಇದೆ. ಹಿಮೋವಿಜಿಲೆನ್ಸ್ ಎಂದು ಅದರ ಹೆಸರು. ಯಾರನ್ನೂ ಹಿಡಿದು ಶಿಕ್ಷಿಸುವುದು ಅದರ ಉದ್ದೇಶವಲ್ಲ. ಒಂದು ಕಡೆ ಆದದ್ದು ಇನ್ನೊಂದು ಕಡೆ ಆಗದಿರಲಿ ಎಂಬುದಷ್ಟೆ. ತಿಳಿಸಲೇಬೇಕೆಂಬ ಬಲವಂತವೂ ಇಲ್ಲದ್ದರಿಂದ ಹೆಚ್ಚಿನವರು ಸುಮ್ಮನಿದ್ದುಬಿಡುತ್ತಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಆಸ್ಪತ್ರೆಗಳಿಂದ ಒಂದೂ ವರದಿ ಬಂದಿಲ್ಲವೆಂಬುದನ್ನು ನೋಡಿ ಯೋಗಾನಂದರು ಹುಬ್ಬೇರಿಸಿದರು.

“ಇಷ್ಟೊಂದು ರಕ್ತ ಹೋಗುತ್ತೆ. ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಚಳಿಜ್ವರ ಬಂದೇ ಬರುತ್ತೆ ಲತಾಮಣಿ. ಒಂದೂ ಇಲ್ಲ ಅಂದ್ರೆ ಎಲ್ಲಾ ಚೆನ್ನಾಗಿದೆ ಅಂತ ಅಲ್ಲ. ಒಂದೋ ನೋಡ್ತಿಲ್ಲ, ಇಲ್ಲ ಹೇಳ್ತಿಲ್ಲ.”

“ಹೇಳ್ತಿಲ್ಲ ಸರ್,” ಎಂದಳು ಲತಾಮಣಿ. ರೈಲಿನ ಹೆಂಗಸಿನ ಕಥೆ ಹೇಳಿದಳು. ಅಂದಿನಿಂದ ಆಸ್ಪತ್ರೆಗಳನ್ನು ಕೇಳುವ ಕೆಲಸ ಅವಳ ಪಾಲಿಗೆ ಬಂತು.

ಫೋನಿನಲ್ಲಿ ಕೆಲಸವಾಗುವುದಿಲ್ಲ ಎಂದು ಅವಳಿಗೆ ಬೇಗ ಅರ್ಥವಾಯಿತು. ಬಿಡುವಾದಾಗ ಬಸ್ಸು ಹತ್ತಿ ತಾನೇ ಹೋಗತೊಡಗಿದಳು. ವಾರ್ಡಿನ ಪಕ್ಕದ ಕೋಣೆಯಲ್ಲಿ ನರ್ಸ್‌ಗಳ ಜೊತೆ ಡಬ್ಬಿ ಬಿಚ್ಚಿ ಉಂಡಳು. ಅವರ ಮಕ್ಕಳ ಶಾಲೆ, ನೈಟ್ ಡ್ಯೂಟಿಯ ಸೊಂಟನೋವು ಎಲ್ಲ ಕೇಳಿಸಿಕೊಂಡಳು. ಕನಕಪುರದ ಒಂದು ಆಸ್ಪತ್ರೆಯಲ್ಲಿ ಸೌಮ್ಯ ಎಂಬ ನರ್ಸ್, ಊಟ ಮುಗಿದ ಮೇಲೆ ಅವಳನ್ನು ನಲ್ಲಿಯ ಹತ್ತಿರ ಕರೆದು ದನಿ ತಗ್ಗಿಸಿ ಕೇಳಿದ್ದಳು. “ಮೇಡಂ, ಅಕಸ್ಮಾತ್ ಏನಾದ್ರೂ ಆಗಿ ನಾನ್ ಹೇಳುದ್ರೆ ನನ್ ಕೆಲ್ಸ ಹೋಯ್ತದಾ?”

ಹೋಗುವುದಿಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು. ಲತಾಮಣಿ ಹಾಗೆ ಹೇಳಲಿಲ್ಲ. “ನಿಮ್ ಆಸ್ಪತ್ರೇಲಿ ಏನ್ ಮಾಡ್ತಾರೋ ನನಗ್ ಗೊತ್ತಿಲ್ಲ ಸೌಮ್ಯ. ನಮ್ ಕಡೆಯಿಂದ ಮಾತ್ರ ನಿಮ್ಮ ಹೆಸ್ರಾಗ್ಲಿ, ಪೇಷೆಂಟ್ ಹೆಸ್ರಾಗ್ಲಿ ಆಚೆ ಹೋಗಲ್ಲ. ಯಾರಾದ್ರೂ ಏನಾದ್ರೂ ಅಂದ್ರೆ ನಮ್ ಡಾಕ್ಟ್ರು ಬಂದು ಮಾತಾಡ್ತಾರೆ. ಅಷ್ಟು ಹೇಳಬಲ್ಲೆ.”

ಸೌಮ್ಯ ತಲೆಯಾಡಿಸಿ ಒಳಗೆ ಹೋದಳು. ಅವಳ ಮುಖ ನೋಡಿದರೆ ನಂಬಿದಳೋ ಇಲ್ಲವೋ ತಿಳಿಯುವಂತಿರಲಿಲ್ಲ.

ಇದಾದ ಮೇಲಿನ ಮಳೆಗಾಲದಲ್ಲಿ ಡೆಂಗ್ಯೂ ಎಲ್ಲೆಡೆ ಹಬ್ಬಿತು. ಪ್ಲೇಟ್‌ಲೆಟ್‌ಗೆ ದಿನವಿಡೀ ಬೇಡಿಕೆ. ದಾನಿಯೊಬ್ಬನಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಮೂರು ಪಾಲು ಮಾಡುತ್ತಾರೆ. ಕೆಂಪು ಕಣ ಫ್ರಿಡ್ಜಿಗೆ, ಪ್ಲಾಸ್ಮಾ ಫ್ರೀಜರಿಗೆ, ಪ್ಲೇಟ್‌ಲೆಟ್ ಮಾತ್ರ ಕೋಣೆಯ ಹದವಾದ ಶಾಖದಲ್ಲಿ ಸದಾ ಅಲುಗಾಡುವ ತಟ್ಟೆಯ ಮೇಲೆ. ಒಬ್ಬನ ರಕ್ತ ಹೀಗೆ ಮೂರು ಜನರ ಮೈ ಸೇರಬಹುದು, ಮೂರು ಊರಿಗೂ ಹೋಗಬಹುದು.

ಒಂದು ಬೆಳಿಗ್ಗೆ ಲತಾಮಣಿ ಮಾಗಡಿಗೆ ಹೋಗಬೇಕಾದ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಿ, ಒಂದೆರಡು ಗಂಟೆ ಬೇರೆ ಕೆಲಸ ನೋಡಿ, ಕಾಫಿ ಕುಡಿದು ಕೂತಿದ್ದಳು. ಮೊಬೈಲ್ ಬಡಿದುಕೊಂಡಿತು. ಕನಕಪುರದ ಸೌಮ್ಯ.

“ಮೇಡಂ, ಚಳಿ ಬಂದೈತೆ.”

ಲತಾಮಣಿ ಎದ್ದು ನಿಂತಳು. “ಯಾರಿಗೆ? ನಿಲ್ಸಿದ್ರಾ?”

“ನಿಲ್ಸಿದೀನಿ. ಮುನಿಯಪ್ಪ ಅಂತ, ರೇಷ್ಮೆ ಹುಳ ಸಾಕೋ ಯಜಮಾನ್ರು. ಡೆಂಗ್ಯೂ, ವಸಡಲ್ಲಿ ರಕ್ತ ಬರ್ತಿತ್ತು. ಮೊದಲ್ನೇ ಪ್ಲೇಟ್‌ಲೆಟ್ ಚೀಲ ಅರ್ಧ ಹೋಗಿತ್ತು ಅಷ್ಟೆ, ಮಂಚ ಅಲ್ಲಾಡೋ ಹಂಗೆ ನಡುಗೋಕೆ ಶುರು ಮಾಡುದ್ರು. ಈಗ ಮೈ ಕೆಂಡ, ಬಿಪಿ ಇಳೀತಾ ಐತೆ. ನಮ್ ಡಾಕ್ಟ್ರು ಬಂದು ಸಲೈನ್ ಹಾಕ್ಸಿ ಇಂಜೆಕ್ಷನ್ ಶುರು ಮಾಡವ್ರೆ. ಐಸಿಯುಗೆ ಹಾಕ್ತಾವ್ರೆ.”

“ಚೀಲ?”

“ಬಿಸಾಕಿಲ್ಲ. ಹಂಗೇ ಮುಚ್ಚಿಟ್ಟಿದೀನಿ. ಉಳಿದ ಚೀಲಗಳ್ನೂ ಹಾಕ್ಬೇಡಿ ಅಂತ ಡಾಕ್ಟ್ರು ಹೇಳವ್ರೆ.”

“ಚೀಲದ ನಂಬರ್ ಓದು.”

ಸೌಮ್ಯ ಓದಿದಳು. ಲತಾಮಣಿ ಕಂಪ್ಯೂಟರಿನಲ್ಲಿ ಆ ನಂಬರ್ ಹಾಕಿದಳು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಆ ವಾರವಷ್ಟೇ ನಡೆದ ಶಿಬಿರದ ರಕ್ತ. ಪ್ಲಾಸ್ಮಾ ಇವರದೇ ಫ್ರೀಜರಿನಲ್ಲಿತ್ತು. ಕೆಂಪು ಕಣದ ಚೀಲದ ಮುಂದೆ ‘ಮಾಗಡಿ’ ಎಂದು ತೋರಿಸುತ್ತಿತ್ತು. ಬೆಳಿಗ್ಗೆ ತಾನೇ ಪೆಟ್ಟಿಗೆಗೆ ಇಟ್ಟಿದ್ದು.

ಪ್ಲೇಟ್‌ಲೆಟ್ ಚೀಲದಲ್ಲಿ ರೋಗಾಣು ಸೇರಿದ್ದರೆ ಅದೇ ದಾನಿಯ ಕೆಂಪು ಕಣದಲ್ಲೂ ಇರಬಹುದು. ಯೋಗಾನಂದರನ್ನು ಕೂಗಿ ವಿಷಯ ಹೇಳುತ್ತಲೇ ಮಾಗಡಿಯ ಆಸ್ಪತ್ರೆಗೆ ಫೋನ್ ಹಚ್ಚಿದಳು. ಲ್ಯಾಂಡ್‌ಲೈನ್ ಬಾರಿಸಿ ಬಾರಿಸಿ ನಿಂತಿತು. ವಾರ್ಡಿನ ಸಿಸ್ಟರ್ ಜ್ಯೋತಿಲಕ್ಷ್ಮಿಯ ಮೊಬೈಲ್ ಎತ್ತುವವರಿಲ್ಲ. ಯೋಗಾನಂದರು ಅಲ್ಲಿಯ ಡಾಕ್ಟರಿಗೆ ಮಾಡಿದರು. ಆಪರೇಷನ್ ಥಿಯೇಟರಿನಲ್ಲಿದ್ದಾರೆಂದು ಕಾಣುತ್ತದೆ, ಅದೂ ಸ್ವಿಚ್ ಆಫ್. ರಕ್ತದ ಗಾಡಿಯ ಚಾಲಕನಿಗೆ ಮಾಡಿದರೆ, ಪೆಟ್ಟಿಗೆ ಕೊಟ್ಟು ವಾಪಸ್ ಹೊರಟಾಯಿತು, ಅರ್ಧ ದಾರಿಯಲ್ಲಿದ್ದೇನೆ ಎಂದ.

ಆಗ ಅವಳಿಗೆ ಸುಹೇಲ್ ನೆನಪಾದ. ಮಾಗಡಿಯ ಆ ಆಸ್ಪತ್ರೆಯ ಎದುರಿಗೇ ಅವನ ಮೆಡಿಕಲ್ ಸ್ಟೋರ್. ತಪ್ಪದೆ ರಕ್ತ ಕೊಡುವ ದಾನಿ, ಹಾಗಾಗಿ ಅವನ ನಂಬರ್ ಅವಳ ಹತ್ತಿರವಿತ್ತು.

“ಸುಹೇಲ್, ಅಂಗಡಿ ಬಿಟ್ಟು ಈಗಲೇ ಎದುರಿಗೆ ಓಡಪ್ಪ. ಮಹಿಳಾ ವಾರ್ಡು. ಬೆಳಿಗ್ಗೆ ಬಂದ ರಕ್ತ ಯಾರಿಗೂ ಹಾಕ್ಬಾರ್ದು ಅಂತ ಹೇಳು. ಫೋನ್ ಕಟ್ ಮಾಡ್ಬೇಡ.”

“ಓಡ್ದೆ ಮೇಡಂ,” ಎಂದ ಅವನು. ಯಾಕೆ ಏನು ಎಂದು ಕೇಳಲಿಲ್ಲ. ಫೋನಿನಲ್ಲಿ ಮೋಟಾರು ಗಾಡಿಗಳ ಸದ್ದು, ಯಾರೋ ಬೈದದ್ದು, ಆಮೇಲೆ ಮೆಟ್ಟಿಲು ಹತ್ತುವ ಏದುಸಿರು. ಲತಾಮಣಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಯೋಗಾನಂದರು ಅವಳ ಪಕ್ಕದಲ್ಲೇ ಕತ್ತು ಬಗ್ಗಿಸಿ ನಿಂತಿದ್ದರು. ಕೊನೆಗೆ ಹೆಂಗಸಿನ ದನಿ ಕೇಳಿಸಿತು.

“ಹಲೋ, ನಾನು ಜ್ಯೋತಿಲಕ್ಷ್ಮಿ. ಏನಾಯ್ತು ಮೇಡಂ?”

“ಆ ರಕ್ತ ಶುರು ಮಾಡಿದ್ರಾ?”

“ಚೀಲ ನೇತಾಕಿದೀವಿ, ಸೂಜಿಗೂ ಸೇರ್ಸಿದೀವಿ. ನಾನೂ ಇನ್ನೊಬ್ಬ ಸಿಸ್ಟರೂ ಹೆಸರು, ನಂಬರ್ ತಾಳೆ ನೋಡ್ತಿದ್ವಿ. ಪೈಪಿನ ಕ್ಲಾಂಪ್ ಇನ್ನೂ ಬಿಟ್ಟಿಲ್ಲ, ಒಂದ್ ಹನೀನೂ ಒಳಗೆ ಹೋಗಿಲ್ಲ.”

“ಬಿಡ್ಬೇಡಿ. ತೆಗೀರಿ ಅದನ್ನ. ದಯವಿಟ್ಟು ತೆಗೀರಿ.”

ಚೀಲ ಕಳಚಿದ ಸದ್ದೇನೂ ಕೇಳಿಸಲಿಲ್ಲ. ಕೇಳಿಸಿದ್ದು, ಹಾಸಿಗೆಯ ಮೇಲಿದ್ದ ರೋಗಿಯ ಗೊಣಗಾಟ. ದೊಡ್ಡಲಕ್ಷ್ಮಮ್ಮ ಎಂಬಾಕೆಗೆ ಗರ್ಭಕೋಶದ ಆಪರೇಷನ್ನಿಗೆ ಮುಂಚೆ ಮೈಯಲ್ಲಿ ರಕ್ತ ಸಾಲದೆಂದು ಏರಿಸಲು ಹೊರಟಿದ್ದರು. “ಇದೇನವ್ವ, ಹಾಕ್ತೀವಿ ಅಂತ ತಂದು ನೇತಾಕ್ಬುಟ್ಟು, ಈಗ ಬಿಚ್ಕೊಂಡ್ ಹೋಯ್ತಾವ್ರೆ. ನಾನೇನು ಬ್ಯಾಡ ಅಂದ್ನಾ?”

ಲತಾಮಣಿ ಕುರ್ಚಿ ಎಳೆದುಕೊಂಡು ಕೂತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಯೋಗಾನಂದರು ಅವಳ ಮುಂದೆ ನೀರಿನ ಬಾಟಲಿ ಇಟ್ಟು, ಮಾಗಡಿಗೆ ಬೇರೆ ರಕ್ತ ಕಳಿಸುವ ಏರ್ಪಾಡು ತಾವೇ ಮಾಡಿದರು. ದೊಡ್ಡಲಕ್ಷ್ಮಮ್ಮನಿಗೆ ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಆಪರೇಷನ್ನೂ ಸಲೀಸಾಗಿ ಆಯಿತು.

ಮುನಿಯಪ್ಪನದೇ ಯೋಚನೆಯಾಗಿ ಉಳಿಯಿತು. ಲತಾಮಣಿ ದಿನಾ ಸೌಮ್ಯಳಿಗೆ ಫೋನ್ ಮಾಡುತ್ತಿದ್ದಳು. ಮೊದಲು ‘ಹಂಗೇ ಅವ್ರೆ’ ಎನ್ನುತ್ತಿದ್ದವಳು, ಆಮೇಲೆ ‘ಬಿಪಿ ನಿಂತೈತೆ’ ಎಂದಳು, ಮತ್ತೊಂದು ದಿನ ‘ಗಂಜಿ ಕುಡುದ್ರು’ ಎಂದಳು. ಮುನಿಯಪ್ಪನ ಸೊಸೆ ದಿವ್ಯ ಹಗಲೂ ರಾತ್ರಿ ಐಸಿಯು ಬಾಗಿಲಲ್ಲೇ ಕೂತಿರುತ್ತಾಳಂತೆ. ಗಂಜಿ ಕುಡಿದ ಸುದ್ದಿ ಬಂದ ದಿನ ಲತಾಮಣಿ ಮನೆಗೆ ಹೋಗಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡಳು.

ಅಷ್ಟರಲ್ಲಿ, ಎರಡೂ ಚೀಲಗಳನ್ನು ತರಿಸಿ ಪರೀಕ್ಷೆಗೆ ಕೊಟ್ಟಿದ್ದ ಲ್ಯಾಬಿನ ಫಲಿತಾಂಶ ಬಂತು. ಪ್ಲೇಟ್‌ಲೆಟ್ ಚೀಲದಲ್ಲಿ ರೋಗಾಣು ಚೆನ್ನಾಗಿಯೇ ಬೆಳೆದಿತ್ತು. ಮಾಗಡಿಯಿಂದ ಬಂದ ಚೀಲದಲ್ಲೂ ಸ್ವಲ್ಪ ಕಂಡಿತು. ಮನುಷ್ಯರ ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಜಾತಿಯದು. ಅಂದರೆ ದಾನಿಯ ರಕ್ತದಲ್ಲಿ ಕಾಯಿಲೆಯಿರಲಿಲ್ಲ. ಸೂಜಿ ಚುಚ್ಚುವ ಮುಂಚೆ ತೋಳು ಸರಿಯಾಗಿ ಶುದ್ಧವಾಗಿರಲಿಲ್ಲ.

ಲತಾಮಣಿ ಆ ಹಾಳೆ ಹಿಡಿದು ಬಹಳ ಹೊತ್ತು ಕೂತಳು. ಹಾರೋಹಳ್ಳಿಯ ಆ ಶಿಬಿರದಲ್ಲಿ ಅವಳೂ ಇದ್ದಳು. ಊಟದ ಬಿಡುವಿನಲ್ಲೇ ಮುಗಿಸಿಕೊಡಿ ಎಂದು ಕಾರ್ಖಾನೆಯವರು ಅವಸರ ಮಾಡಿದ್ದರು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಔಷಧ ಹಚ್ಚಿದ ಮೇಲೆ ತೋಳು ಆರುವ ತನಕ ಕಾಯಬೇಕು; ಆವತ್ತು ಯಾರು ಎಷ್ಟು ಕಾದಿದ್ದರು? ಆ ತೋಳನ್ನು ಒರೆಸಿದ್ದು ಅವಳ ಕೈಯೋ ಇನ್ನೊಬ್ಬರ ಕೈಯೋ, ನೆನಪು ಮಾಡಿಕೊಳ್ಳಲು ಹೋದಷ್ಟೂ ಎಲ್ಲ ತೋಳುಗಳೂ ಒಂದೇ ಥರ ಕಾಣುತ್ತಿದ್ದವು. ಇಷ್ಟು ವರ್ಷ ಊರೂರು ಅಲೆದು ‘ಹೇಳಿ, ಮುಚ್ಚಿಡಬೇಡಿ’ ಎಂದವಳಿಗೆ, ಆ ಮಾತು ಕೇಳಿದವರಿಗೆ ಎಂಥ ಭಯವಾಗುತ್ತಿತ್ತು ಎಂಬುದು ಈಗ ಗೊತ್ತಾಯಿತು.

ಅವಳು ಯೋಗಾನಂದರ ಕೋಣೆಗೆ ಹೋದಳು. “ಸರ್, ಆ ಶಿಬಿರದಲ್ಲಿ ನಾನೂ ಇದ್ದೆ. ನನ್ನ ಕೈಯಿಂದಲೇ ಆಗಿರಬಹುದು.”

ಅವರು ಹಾಳೆ ಓದಿ, ಕನ್ನಡಕ ತೆಗೆದು ಒರೆಸಿದರು. ಮುಖ ಬಿಗಿದಿತ್ತು. ಟ್ರಸ್ಟಿನವರು ಏನೆನ್ನುತ್ತಾರೋ ಎಂಬ ಅಳುಕು ಅವರಿಗೂ ಇದ್ದಿರಬೇಕು. “ಅಷ್ಟು ಜನಕ್ಕೆ ಅಷ್ಟೇ ಸ್ಟಾಫ್ ಕಳಿಸಿದ್ದು ನಾನು. ಒಂದೇ ಬಿಡುವಲ್ಲಿ ಮುಗಿಸ್ತೀವಿ ಅಂತ ಒಪ್ಪಿದ್ದೂ ನಾನೇ,” ಎಂದರು. ಹಾಳೆಯನ್ನು ಅವಳ ಕಡೆ ಸರಿಸಿ, “ವರದಿ ಬರೀರಿ. ಕನಕಪುರದವರು ಅವರ ಪಾಲಿನದು ಕಳಿಸಿದಾರೆ. ನಮ್ಮದು ನಾವು ಕಳಿಸೋಣ. ಆದದ್ದು ಆದ ಹಾಗೇ ಬರೀರಿ,” ಎಂದರು.

“ಆ ಮಾಗಡಿ ಅಮ್ಮನಿಗೆ ಹಾಕಿಬಿಟ್ಟಿದ್ರೆ ಏನಾಗ್ತಿತ್ತು ಸರ್?”

“ತಣ್ಣಗಿರೋ ಚೀಲದಲ್ಲಿ ಇವು ಅಷ್ಟಾಗಿ ಬೆಳೆಯಲ್ಲ. ಏನೂ ಆಗದೆಯೂ ಇರಬಹುದಿತ್ತು, ಆಗಲೂಬಹುದಿತ್ತು. ನೋಡೋ ಪ್ರಸಂಗ ಬರಲಿಲ್ಲವಲ್ಲ, ಅಷ್ಟು ಸಾಕು.”

ವರದಿ ಹೋಯಿತು. ಲತಾಮಣಿ ಒಂದಷ್ಟು ದಿನ ಬಾಗಿಲಲ್ಲಿ ಹೊಸ ಮುಖ ಕಂಡರೆ ಬೆಚ್ಚುತ್ತಿದ್ದಳು. ವಿಚಾರಣೆಗೆಂದು ಯಾರೂ ಬರಲಿಲ್ಲ. ವರದಿ ತಲುಪಿತು, ಇನ್ನು ಮುಂದೆ ಏನು ಬದಲಾಯಿಸುತ್ತೀರಿ ತಿಳಿಸಿ ಎಂಬ ಉತ್ತರ ಬಂತು. ಟ್ರಸ್ಟಿನ ಸಭೆಯಲ್ಲಿ ಒಬ್ಬಿಬ್ಬರು ಗೊಣಗಿದರೂ, ಶಿಬಿರಕ್ಕೆ ಇನ್ನಷ್ಟು ಜನ ಕಳಿಸಲು ಒಪ್ಪಿದರು. ತೋಳು ಎರಡು ಸಲ ಶುದ್ಧ ಮಾಡಬೇಕು, ಆರುವ ತನಕ ಯಾರು ಅವಸರ ಮಾಡಿದರೂ ಚುಚ್ಚಬಾರದು, ಚರ್ಮದ ರೋಗಾಣು ಸೇರಿರಬಹುದಾದ ಮೊದಲ ಒಂದಿಷ್ಟು ರಕ್ತ ಬೇರೆ ಸಣ್ಣ ಚೀಲಕ್ಕೆ ಹೋಗಬೇಕು ಎಂದು ನಿಯಮವಾಯಿತು.

ದಾನಿಗೂ ಹೇಳಬೇಕಿತ್ತು. ಮುನೇಶ್ ಎಂಬ ಬೈರಮಂಗಲದ ಯುವಕ. ಕೇಂದ್ರಕ್ಕೆ ಬಂದವನು ಕೂರಲೂ ಇಲ್ಲ. “ನನ್ ರಕ್ತ ಕೆಟ್ಟೋಗೈತಾ ಮೇಡಂ? ಮದ್ವೆ ಗೊತ್ತಾಗೈತೆ ನಂಗೆ.”

“ನಿಮ್ ರಕ್ತ ಚೆನ್ನಾಗೈತೆ ಕಣಪ್ಪ. ತೋಳು ಸರಿಯಾಗಿ ತೊಳೀದಿದ್ದೋರು ನಾವು,” ಎಂದು ಲತಾಮಣಿ ಬಿಡಿಸಿ ಹೇಳಿದಳು. ಅವನು ಉಸಿರುಬಿಟ್ಟು ಕೂತ. ಆಮೇಲೆ ಒಂದು ಲಗ್ನಪತ್ರಿಕೆ ತೆಗೆದು ಅವಳ ಮುಂದಿಟ್ಟ.

ಮುನಿಯಪ್ಪನನ್ನು ಕಾಣಲು ಅವಳು ಕನಕಪುರಕ್ಕೆ ಹೋದಾಗ ಆತ ವಾರ್ಡಿಗೆ ಬಂದು ದಿಂಬಿಗೊರಗಿ ಕಾಫಿ ಕುಡಿಯುತ್ತಿದ್ದ. ದಿವ್ಯ ಬಟ್ಟೆ ಮಡಿಸುತ್ತಿದ್ದಳು. ಲತಾಮಣಿ ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, “ತಪ್ಪು ನಮ್ಮ ಕಡೆಯಿಂದ ಆಯ್ತು ಯಜಮಾನ್ರೇ,” ಎಂದಷ್ಟೇ ಹೇಳಿದಳು. ದಿವ್ಯಳ ಕೈ ನಿಂತಿತು.

“ನಮ್ ಮಾವ ಹೋಗ್ಬುಟ್ಟಿದ್ರೆ?” ಎಂದಳು ದಿವ್ಯ. ದನಿ ಏರಲಿಲ್ಲ, ಆದರೆ ಲತಾಮಣಿಗೆ ತಲೆ ಎತ್ತಲಾಗಲಿಲ್ಲ.

ಮುನಿಯಪ್ಪ ಲೋಟ ಕೆಳಗಿಟ್ಟ. “ಇರ್ಲಿ ಬುಡವ್ವ. ಬಂದು ಹೇಳ್ತಾವ್ರಲ್ಲ. ಹುಳದ ಮನೇಲಿ ಎಷ್ಟ್ ಚೊಕ್ಕಟ ಮಾಡುದ್ರೂ ಒಂದೊಂದ್ ಸಲ ಒಂದು ತಟ್ಟೆಗೆ ರೋಗ ತಗಲ್ತದೆ. ಆ ತಟ್ಟೆ ಆಚೆಗಾಕಿ ಪಕ್ಕದ ಮನೆಯೋನಿಗೂ ಹೇಳ್ತೀವಿ. ಹೇಳ್ದೆ ಕೂತ್ರೆ ಅವನ್ದೂ ಹೋಯ್ತದೆ.” ಆಮೇಲೆ ಪಕ್ಕದ ಮಂಚದ ಬಳಿ ಕೆಲಸದಲ್ಲಿದ್ದ ಸೌಮ್ಯಳ ಕಡೆ ಕೈ ತೋರಿಸಿದ. “ಈ ಮಗ ಮಾತ್ರ ಆವತ್ತು ನನ್ ಪಕ್ಕ ಬುಟ್ಟು ಅಲ್ಲಾಡಲಿಲ್ಲ.” ದಿವ್ಯ ಮತ್ತೆ ಬಟ್ಟೆ ಮಡಿಸತೊಡಗಿದಳು. ಲತಾಮಣಿ ಹೊರಡುವಾಗ ಬಾಗಿಲ ತನಕ ಬಂದು, “ಊಟ ಆಯ್ತಾ ಅಕ್ಕ?” ಎಂದು ಕೇಳಿದಳು.

ಯೋಗಾನಂದರು ನಾಲ್ಕೂ ಊರಿನ ಆಸ್ಪತ್ರೆಗಳವರನ್ನು ರಾಮನಗರಕ್ಕೆ ಕರೆದು ಒಂದು ಸಭೆ ಮಾಡಿದರು. ಆಸ್ಪತ್ರೆಯವರ ತಪ್ಪಿನ ಮಾತೇ ಎತ್ತದೆ, ತಮ್ಮ ಕೇಂದ್ರದಲ್ಲಿ ಆದದ್ದನ್ನೇ ಮೊದಲಿಂದ ಕೊನೆವರೆಗೂ ಹೇಳಿದರು. ಸೌಮ್ಯ ತನ್ನ ಮೇಟ್ರನ್ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಕೆಲಸಕ್ಕೆ ಏನೂ ಆಗಿರಲಿಲ್ಲ. ಹೊಸ ನರ್ಸ್‌ಗಳಿಗೆ ಹೇಳಿಕೊಡುವ ಹೊಣೆ ಹೆಗಲಿಗೇರಿತ್ತಷ್ಟೆ. ಚನ್ನಪಟ್ಟಣದ ಒಬ್ಬ ವಯಸ್ಸಾದ ಡಾಕ್ಟರ್ ಎದ್ದು, “ನಮ್ಮಲ್ಲೂ ಆಗಿವೆ. ನಾವು ಹೇಳಿರಲಿಲ್ಲ,” ಎಂದು ಹೇಳಿ ಕೂತರು. ಎಲ್ಲರೂ ಬದಲಾದರೆಂದೇನಲ್ಲ. ಒಂದೆರಡು ಆಸ್ಪತ್ರೆಗಳು ಇವತ್ತಿಗೂ ‘ಏನೂ ಇಲ್ಲ ಮೇಡಂ’ ಎನ್ನುತ್ತವೆ.

ಒಂದು ಸಂಜೆ ಲತಾಮಣಿ ಬ್ಯಾಗು ಹೆಗಲಿಗೇರಿಸಿದ್ದಳು, ಮಾಗಡಿಯಿಂದ ಜ್ಯೋತಿಲಕ್ಷ್ಮಿ ಫೋನ್ ಮಾಡಿದಳು. ಒಬ್ಬ ರೋಗಿಗೆ ರಕ್ತ ಹಾಕುವಾಗ ಮೈಮೇಲೆ ದದ್ದು ಎದ್ದು ತುರಿಕೆ ಬಂತಂತೆ, ಇಂಜೆಕ್ಷನ್ ಕೊಟ್ಟಮೇಲೆ ಇಳಿಯಿತಂತೆ. “ಸಣ್ಣ ವಿಷ್ಯ ಮೇಡಂ, ಹೇಳ್ಬೇಕೋ ಬ್ಯಾಡ್ವೋ ಅಂದ್ಕೊಂಡೆ. ಹೊರಡೋ ಹೊತ್ತಲ್ಲಿ ತೊಂದ್ರೆ ಕೊಟ್ನೇನೋ.”

“ಇಲ್ಲ, ಹೇಳು,” ಎಂದು ಲತಾಮಣಿ ಬ್ಯಾಗು ಇಳಿಸಿ ಕೂತಳು. ಎಲ್ಲ ಕೇಳಿ ಬರೆದುಕೊಂಡು ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಬಿಸಿಲು ಇನ್ನೂ ಇತ್ತು. ಅವಳು ಬೇಯಿಸಿದ ಕಡಲೆಕಾಯಿ ಕೊಂಡು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಲು ಚಾಚಿ ಕೂತು, ದೇವರಾಜುವಿಗೆ ಫೋನ್ ಮಾಡಿದಳು. “ರೈಲು ತಪ್ಪೋಯ್ತು ಕಣ್ರಿ, ಮುಂದಿನ್ದಕ್ಕೆ ಬತ್ತೀನಿ. ಏನಿಲ್ಲ, ಎಲ್ಲಾ ಚೆನ್ನಾಗೈತೆ. ಅನ್ನಕ್ಕೆ ಇಟ್ಬುಡಿ.”